ಅಜ್ಜ ತಿರುಗಿಸಿದ ಉರಿ

ಆ ಅಜ್ಜನ ಬಲ ಹೆಬ್ಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಅದೇ ಬೆರಳಿನಿಂದ ಬೆಳಿಗ್ಗೆ ನಮ್ಮ ಕಾವಲಿಯ ಗ್ಯಾಸ್ ನಾಬ್ ಒತ್ತಿ ಉರಿ ಹಚ್ಚಿ ‘ಗ್ರ್ಯಾಂಡ್’ ಎನ್ನುತ್ತಿದ್ದರು, ಡಬ್ಲಿನ್‌ನವರ ಮಾತಿನಲ್ಲಿ ‘ಎಲ್ಲ ಸರಿ’ ಎಂದು. ಮಳೆ ಬಂದರೂ ಗ್ರ್ಯಾಂಡ್, ಸೊಂಟ ಹಿಡಿದುಕೊಂಡರೂ ಗ್ರ್ಯಾಂಡ್.

ಅಮೆರಿಕದ ಬರ್ಗರ್ ಕಂಪನಿಯೊಂದು ದಕ್ಷಿಣ ಡಬ್ಲಿನ್‌ನಲ್ಲಿ ಯಹೂದಿ ಗಿರಾಕಿಗಳಿಗೆಂದು, ಅವರ ಧರ್ಮದ ಆಹಾರ ನಿಯಮದಂತೆ ಅಡುಗೆ ಮಾಡುವ ಕೋಷರ್ ಕೌಂಟರ್ ತೆರೆದಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆಲ್ಲುತ್ತಿದ್ದ ನಾನು ಪ್ರತಿ ಭಾನುವಾರ ಊರಿನ ಪಶ್ಚಿಮ ತುದಿಯ ಲೂಕನ್‌ನಿಂದ ಬಸ್ಸು ಹಿಡಿದು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಂಸದ ಜೊತೆ ಹಾಲಿನದೇನೂ ಸೇರಬಾರದು, ಹಾಗಾಗಿ ಚೀಸ್ ಇಲ್ಲ. ಅದನ್ನು ಹೇಗೋ ಒಪ್ಪಿಕೊಂಡೆ. ಆದರೆ ಬೇಯಿಸುವ ಉರಿಗೆ ಯಹೂದಿಯೊಬ್ಬರ ಕೈ ತಾಗಿರಲೇಬೇಕಂತೆ. ಅದನ್ನು ನೋಡಿಕೊಳ್ಳಲು ನೇಮಕವಾದ ಮೇಲ್ವಿಚಾರಕರೇ ಈ ಅಜ್ಜ.

ಯಾರು ಹಚ್ಚಿದರೂ ಅದೇ ಗ್ಯಾಸು, ಅದೇ ಶಾಖ ಎಂದು ನಾನು ವಾದಿಸುತ್ತಿದ್ದೆ. ಅವರು ತಲೆಯಾಡಿಸಿ ಕೇಳಿ, ‘ಬ್ಯಾರಿಸ್ಟರ್, ನಿನ್ನ ವಾದದಲ್ಲಿ ತಪ್ಪೇ ಇಲ್ಲ’ ಎಂದು ಮುಂದಿನ ಭಾನುವಾರವೂ ಬಂದು ಹಚ್ಚುತ್ತಿದ್ದರು. ಒಪ್ಪಿಕೊಂಡವರನ್ನು ಸೋಲಿಸುವುದು ಹೇಗೆ?

ಒಂದು ಭಾನುವಾರ ಅವರು ಬ್ರೆಡ್ ತರಲು ಹೋದಾಗ ಉರಿ ಆರಿತು. ಹೊರಗೆ ಹುಟ್ಟುಹಬ್ಬದ ಗುಂಪೊಂದು ಕಾಯುತ್ತಿತ್ತು. ಮಂಗಳೂರಿನವರಾದ ನಮ್ಮ ಮ್ಯಾನೇಜರ್, “ಹಚ್ಚು ಮಾರಾಯ್ತಿ, ಬೆಂಕಿಗೆ ಎಂತ ಜಾತಿ ಉಂಟಾ?” ಎಂದರು. ನನ್ನದೇ ವಾದ. ಹಚ್ಚಿದೆ, ಕಾವಲಿಯ ಮೇಲೆ ಮಾಂಸದ ಇಪ್ಪತ್ತು ಪ್ಯಾಟಿ ಹರಡಿದೆ.

ಅಷ್ಟರಲ್ಲಿ ಅಜ್ಜ ಬಂದರು. ಉರಿ ನೋಡಿದರು, ಬ್ರೆಡ್ಡಿನ ಚೀಲ ಕೆಳಗಿಟ್ಟರು. ಮ್ಯಾನೇಜರ್ ಮೆಲ್ಲಗೆ ಕನ್ನಡದಲ್ಲಿ, “ಸುಮ್ಮನಿರು, ಗೊತ್ತಾದ್ರೆ ಕೌಂಟರೇ ಮುಚ್ಚಿಸ್ತಾರೆ” ಎಂದರು. ಅದು ನಿಜವೇ. ಮುಚ್ಚಿದರೆ ನಮ್ಮೆಲ್ಲರ ಕೆಲಸ ಹೋಗುತ್ತಿತ್ತು. ನನ್ನ ತರ್ಕದ ಪ್ರಕಾರ ಹೇಳುವಂಥದ್ದೇನೂ ಆಗಿಯೇ ಇರಲಿಲ್ಲ. ಆದರೂ ನನ್ನ ಬಾಯಿ ಹೇಳಿಬಿಟ್ಟಿತು: ಉರಿ ಆರಿತ್ತು, ನಾನು ಹಚ್ಚಿದೆ.

ಅಜ್ಜ ಬಗ್ಗಿ ಪ್ಯಾಟಿಗಳನ್ನು ನೋಡಿದರು. ಇನ್ನೂ ಕೆಂಪಗಿದ್ದವು. ಅರ್ಧ ಉಗುರಿನ ಹೆಬ್ಬೆರಳಿನಿಂದ ನಾಬ್ ಸ್ವಲ್ಪ ತಗ್ಗಿಸಿದರು, ಮತ್ತೆ ಏರಿಸಿದರು. ‘ಗ್ರ್ಯಾಂಡ್.’

ನನಗೆ ಸಿಟ್ಟೇ ಬಂತು. “ಇಷ್ಟೇನಾ?”

“ಇಷ್ಟೇ. ಬೇಯುವ ಮೊದಲು ಕೈ ತಾಗಿದರೆ ಸಾಕು.”

“ಹಾಗಾದ್ರೆ ನಾನು ಹೇಳದೇ ಇದ್ದಿದ್ರೆ ಏನಾಗ್ತಿತ್ತು?”

“ನೀನು ಹೇಳದಿದ್ದರೆ ನಾನು ತಿರುಗಿಸುತ್ತಲೇ ಇರಲಿಲ್ಲವಲ್ಲ, ಬ್ಯಾರಿಸ್ಟರ್.”

ಆ ಮಾತಿಗೆ ಎದುರುತ್ತರ ಹುಡುಕುತ್ತಲೇ ಎರಡು ವರ್ಷ ಕಳೆಯಿತು. ಈ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಈಗ ಬೇರೊಬ್ಬರು ಬಂದು ಹಚ್ಚುತ್ತಾರೆ, ಗ್ರ್ಯಾಂಡ್ ಎನ್ನುವುದಿಲ್ಲ. ಯಾರು ಹಚ್ಚಿದರೂ ಬೆಂಕಿ ಒಂದೇ ಎಂದು ನಾನು ಇವತ್ತಿಗೂ ವಾದಿಸಬಲ್ಲೆ, ಗೆಲ್ಲಲೂಬಲ್ಲೆ. ಆದರೆ ಮೊನ್ನೆ ಉರಿ ಆರಿದಾಗ, ಸಾಲು ಬಾಗಿಲಿನಾಚೆ ಬೆಳೆದಿದ್ದರೂ, ಹೊಸ ಮೇಲ್ವಿಚಾರಕರು ಬರುವವರೆಗೆ ನಾನು ನಾಬ್ ಮುಟ್ಟದೆ ಕೈಕಟ್ಟಿ ನಿಂತೆ. ಯಾಕೆ ಎಂದು ಮ್ಯಾನೇಜರ್ ಕೇಳಿದರು. ನನ್ನ ಹತ್ತಿರ ಒಂದು ವಾದವೂ ಇರಲಿಲ್ಲ.