ಚರ್ಚಾ ದಿನದಲ್ಲಿ ಅಪ್ಪ ಕೇಳಿದ ಪ್ರಶ್ನೆ

ಗೋವಾದ ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳಿಗೆ ಮುಚ್ಚಳ ಹಾಕಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸವಾಗಿತ್ತು. ಎರಡು ಸಾವಿರದ ಐದೋ ಆರೋ ಇರಬೇಕು. ಒಂದು ಸಂಜೆ ಪಾಳಿ ಮುಗಿಸಿ ಹೊರಗೆ ಬಂದಾಗ ಗೇಟಿನಾಚೆ ಒಬ್ಬ ಹೆಂಗಸು ಕರಪತ್ರ ಹಂಚುತ್ತಿದ್ದರು. ವಯಸ್ಸಾದವರು, ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರು. ವಾಚ್‌ಮನ್ ಗದರಿದರೆ ಎರಡು ಹೆಜ್ಜೆ ಹಿಂದೆ ಸರಿದು, ಅವನು ಅತ್ತ ತಿರುಗಿದ ಕೂಡಲೇ ಮತ್ತೆ ಮುಂದೆ ಬರುತ್ತಿದ್ದರು. ಉಳಿದವರೆಲ್ಲ ಬಸ್ಸಿಗೆ ಓಡುತ್ತಿದ್ದರು. ನಾನು ನಿಂತು ಓದಿದೆ.

ಒಂದು ಬದಿ ಕೊಂಕಣಿ, ಇನ್ನೊಂದು ಬದಿ ಹಿಂದಿ. ಮುಂದಿನ ಭಾನುವಾರ ಮಡಗಾಂವದಲ್ಲಿ ಕ್ರಾಂತಿಕಾರಿ ಸಮಾಜವಾದಿಗಳ ಬಹಿರಂಗ ಚರ್ಚಾ ದಿನ. ಯಾರು ಬೇಕಾದರೂ ಬರಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು.

ನನಗೆ ಅಲ್ಲಿಯೇ ಎರಡು ಕುತೂಹಲ ಹುಟ್ಟಿದವು. ಕ್ರಾಂತಿಕಾರಿಗಳೆಂದರೆ ಕಾಡಿನಲ್ಲಿ ಅಡಗಿಕೊಂಡು ಕೂರುವವರು ಎಂದು ನಾನು ತಿಳಿದಿದ್ದೆ. ಇವರು ನೋಡಿದರೆ ಸಭೆಯ ಹಾಲಿನ ವಿಳಾಸವನ್ನೇ ಅಚ್ಚು ಹಾಕಿಸಿ, ಮಾರ್ಕೆಟ್ಟಿನ ಹಿಂದೆ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಎಂದು ಗುರುತನ್ನೂ ಹೇಳಿದ್ದಾರೆ. ಇನ್ನೊಂದು, ಆ ಪ್ರಶ್ನೆ ಕೇಳುವ ಮಾತು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕಾರ್ಖಾನೆಯಲ್ಲಿ ಕೇಳಿದರೆ ನಾಳೆ ಬರಬೇಡ ಎನ್ನುತ್ತಿದ್ದರು. ಕೇಳಿ ಎಂದು ಕರೆದು ಕೂರಿಸುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಮೊದಲು ಎದ್ದು ಕೂತವಳು ನನ್ನ ಸೋದರತ್ತೆ. ಅಪ್ಪನ ಅಕ್ಕ ಅವಳು. ಗಂಡ ತೀರಿದ ಮೇಲೆ ವಿಜಾಪುರದ ಕಡೆಯಿಂದ ಬಂದು ನಮ್ಮ ಜೊತೆಗೇ ಇದ್ದಳು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಗೋವಾದಲ್ಲಿ ನೋಡದ ಜಾಗ ಒಂದೂ ಉಳಿಯಬಾರದು ಎಂಬ ಹಟ ಅವಳಿಗೆ.

"ಚರ್ಚಿಗೆ ಯಾಕ ಹೊಂಟಿ? ಅಲ್ಲಿ ನಮ್ಮನ್ನ ಒಳಗ ಬಿಡತಾರೇನ?" ಎಂದಳು.

"ಚರ್ಚ್ ಅಲ್ಲ ಅತ್ತಿ, ಚರ್ಚಾ. ಮಂದಿ ಕೂಡಿ ಮಾತಾಡೋದು."

"ಮಾತಾಡಾಕ ಇಡೀ ದಿನ ಬೇಕೇನ? ಹಂಗಾದ್ರ ನಾನೂ ಬರತೇನಿ."

ಅಪ್ಪ ಮಾತ್ರ ಗೊಣಗಿದ. ಮೊದಲು ಅವನು ಬಂದರಿನ ಕಡೆ ಮೂಟೆ ಹೊರುತ್ತಿದ್ದ. ಅಲ್ಲಿಯ ಕೆಲಸ ತಪ್ಪಿದ ಮೇಲೆ ನಾವೆಲ್ಲ ಮಡ್ಕಯಿಗೆ ಬಂದಿದ್ದೆವು. ಸಭೆ, ಬಾವುಟ, ಘೋಷಣೆ ಎಂದರೆ ಅವನು ದೂರ. ಆದರೂ ಹೆಂಗಸರಿಬ್ಬರನ್ನೇ ಕಳಿಸಲು ಮನಸ್ಸಾಗದೆ ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ನಮಗಿಂತ ಮೊದಲೇ ಬಸ್‌ಸ್ಟಾಪಿನಲ್ಲಿ ನಿಂತಿದ್ದ. ನಮ್ಮ ಓಣಿಯ ಇನ್ನೂ ನಾಲ್ಕೈದು ಮಂದಿ ಮಡಗಾಂವ ಮಾರ್ಕೆಟ್ಟಿನ ನೆಪದಲ್ಲಿ ಜೊತೆಗೆ ಬಂದರು.

ಮಹಡಿಯ ಹಾಲಿನಲ್ಲಿ ಕೆಂಪು ಬಟ್ಟೆಯ ಬ್ಯಾನರ್, ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕಗಳು. ಕ್ರಾಂತಿಕಾರಿಗಳು ಯಾರು ಎಂದು ನಾನು ಹುಡುಕಿದೆ. ಒಬ್ಬರು ಮಾತಿನ ನಡುವೆ ಉಬ್ಬಸದ ಔಷಧಿಯನ್ನು ಬಾಯಿಗಿಟ್ಟು ಎಳೆದುಕೊಳ್ಳುತ್ತಿದ್ದರು. ಇನ್ನಿಬ್ಬರು ಫ್ಯಾನು ಯಾರ ಕಡೆ ತಿರುಗಬೇಕು ಎಂದು ವಾದ ಮಾಡುತ್ತಿದ್ದರು. ಎಲ್ಲರೂ ಸಾದಾ ಚಪ್ಪಲಿಯ ಮಂದಿ. ನನಗೆ ಸ್ವಲ್ಪ ನಿರಾಸೆಯೂ ಆಯಿತು, ಸಮಾಧಾನವೂ ಆಯಿತು.

ಗೇಟಿನಲ್ಲಿ ಕಂಡಿದ್ದ ಆ ಹಿರಿಯ ಹೆಂಗಸು ನನ್ನನ್ನು ಗುರುತು ಹಿಡಿದರು. ಅವರು ನಿವೃತ್ತ ಟೀಚರ್, ಮಡಗಾಂವದವರೇ. ಹಿಂದಿನ ಸಾಲಿನಲ್ಲಿ ನನ್ನ ಜೊತೆ ಕೂತವರಿಗೆ ಕೊಂಕಣಿ ಬರುವುದಿಲ್ಲವೆಂದು ತಿಳಿದಾಗ, "ಹಾಗಾದರೆ ನೀನೇ ಅವರಿಗೆ ಕನ್ನಡದಲ್ಲಿ ಹೇಳು. ಮಾತನಾಡುವವರು ನಿನಗಾಗಿ ನಿಲ್ಲಿಸುತ್ತಾರೆ" ಎಂದರು. ಓದಿದ್ದು ಮರಾಠಿ ಶಾಲೆಯಲ್ಲಿ, ಓಣಿಯಲ್ಲಿ ಕಲಿತದ್ದು ಕೊಂಕಣಿ, ಮನೆಯಲ್ಲಿ ಕನ್ನಡ. ಇದೇನು ಮಹಾ ಎಂದುಕೊಂಡು ಒಪ್ಪಿದೆ.

ಮೊದಲ ಶಬ್ದಕ್ಕೇ ಎಡವಿದೆ.

"ಕ್ರಾಂತಿ ಅಂದ್ರ ಏನವಾ? ಸಂಕ್ರಾಂತಿ ಗೊತ್ತು, ಇದ್ಯಾವ ಕ್ರಾಂತಿ?" ಎಂದಳು ಅತ್ತೆ.

"ಕೆಳಗಿಂದು ಮ್ಯಾಲ ಆಗೋದು."

"ಮತ್ತ ಮ್ಯಾಲಿಂದು?"

"ಅದು ಕೆಳಗ."

"ಹಂಗಾದ್ರ ಅದೇ ಆತಲ್ಲ. ಹೊರೋರು ಬ್ಯಾರೆ, ಹೊರೆ ಅದೇ. ಕೇಳು ಅವರನ್ನ."

ನಾನು ಎದ್ದು ಕೇಳಿದೆ. ಟೀಚರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಯೋಚಿಸಿದರು. ಬುಡಮೇಲು ಮಾಡುವುದಷ್ಟೇ ಆದರೆ ನಿಮ್ಮ ಅತ್ತೆ ಹೇಳಿದ್ದು ಸರಿ, ನಮಗೆ ಬೇಕಾದ್ದು ಮೇಲೆ ಕೆಳಗೆ ಎನ್ನುವುದೇ ಇಲ್ಲದ ವ್ಯವಸ್ಥೆ ಎಂದರು. ಅಷ್ಟರಲ್ಲಿ ಬಕ್ಕತಲೆಯ ಒಬ್ಬರು ಎದ್ದು, ಬುಡಮೇಲು ಮಾಡದೆ ಅದು ಬರುವುದಾದರೂ ಹೇಗೆ ಎಂದು ಅವರ ಮೇಲೆಯೇ ಹರಿಹಾಯ್ದರು. ಉಬ್ಬಸದವರು ಇಬ್ಬರನ್ನೂ ತಪ್ಪೆಂದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ಕನ್ನಡಕ್ಕೆ ತರುವುದರಲ್ಲಿ ನನಗೆ ಬೆವರು ಇಳಿಯಿತು.

"ಬಡದಾಡತಾರೇನ?" ಎಂದು ಅತ್ತೆ ಕುರ್ಚಿಯ ತುದಿಗೆ ಬಂದಿದ್ದಳು. ಬಡಿದಾಡಲಿಲ್ಲ. ಮಧ್ಯಾಹ್ನ ಪಾವ್ ಮತ್ತು ಬಟಾಟೆ ಭಾಜಿಯ ಊಟದಲ್ಲಿ ಆ ಮೂವರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ಉಪ್ಪಿನಕಾಯಿ ಬಡಿಸಿಕೊಂಡರು. ಅಷ್ಟು ಜಗಳವಾಡಿ ಅಷ್ಟು ನೆಮ್ಮದಿಯಿಂದ ಉಣ್ಣುವವರನ್ನು ನಾನು ನೋಡಿರಲಿಲ್ಲ. ನಮ್ಮ ಓಣಿಯಲ್ಲಿ ನಲ್ಲಿಯ ಮುಂದೆ ಆದ ಜಗಳ ವರ್ಷಗಟ್ಟಲೆ ನಡೆಯುತ್ತಿತ್ತು.

ಊಟವಾದ ಮೇಲಿನ ಚರ್ಚೆಯ ವಿಷಯ ದುಡಿಯುವವರ ಒಗ್ಗಟ್ಟು. ಆಗ ಮುಂದಿನ ಸಾಲಿನಿಂದ ಒಬ್ಬ ಗೋವಾದ ಮನುಷ್ಯ ಎದ್ದ. ಐವತ್ತರ ಆಸುಪಾಸು, ದಪ್ಪ ತೋಳು, ಬಂದರಿನ ಕಡೆ ಹಮಾಲಿ ಮಾಡಿದವನು. ಒಗ್ಗಟ್ಟು ಎನ್ನುತ್ತೀರಿ, ಯಾರ ಜೊತೆ ಒಗ್ಗಟ್ಟು ಎಂದು ಕೊಂಕಣಿಯಲ್ಲಿ ಶುರುಮಾಡಿದ. ಎಷ್ಟೋ ವರ್ಷಗಳ ಹಿಂದೆ ಬಂದರಿನಾಚೆ ಒಂದು ಗೋದಾಮಿನಲ್ಲಿ ಅವನು ಮತ್ತು ಅವನ ಊರಿನವರು ಕೂಲಿ ಹೆಚ್ಚಿಸಿರೆಂದು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತಿದ್ದರಂತೆ. ಗುತ್ತಿಗೆದಾರ ಟ್ರಕ್ಕಿನಲ್ಲಿ ಹೊರಗಿನ ಜನರನ್ನು ತುಂಬಿಕೊಂಡು ಬಂದು, ಅವರ ಕಣ್ಣೆದುರಿಗೇ ಒಳಗೆ ನುಗ್ಗಿಸಿದನಂತೆ.

"ಆ ಘಾಟಿಗಳು ನಮ್ಮ ಮುಖ ಕೂಡ ನೋಡಲಿಲ್ಲ. ಮೊದಲು ಇವರು ಬರುವುದು ನಿಲ್ಲಲಿ. ಆಮೇಲೆ ನಿಮ್ಮ ಕ್ರಾಂತಿ" ಎಂದು ಮುಗಿಸಿದ.

ಕೊಂಕಣಿ ತಿಳಿದವರೆಲ್ಲ ತಿರುಗಿ ನಮ್ಮ ಸಾಲನ್ನು ನೋಡಿದರು. ನಮ್ಮ ಸಾಲಿನವರೆಲ್ಲ ನನ್ನನ್ನು ನೋಡಿದರು. ಘಟ್ಟದ ಮೇಲಿನಿಂದ ಬಂದ ನಮ್ಮಂಥವರನ್ನು ಅಲ್ಲಿ ಹಾಗೆಯೇ ಕರೆಯುತ್ತಿದ್ದರು. ಆ ಮಾತನ್ನು ನಾನು ಬಾಯಿಂದ ಹೇಗೆ ಹೊರಡಿಸಲಿ?

"ಯಾಕ ನಿಂತಿ?" ಎಂದಳು ಅತ್ತೆ. "ಘಾಟಿ ಅಂದದ್ದು ನನಗ ತಿಳೀತು. ಅದನ್ನೇನ ದಿನಾ ಕೇಳತೇನಿ. ಉಳದದ್ದು ಹೇಳು."

ಹೇಳಿದೆ. ಟ್ರಕ್ಕು, ಗೇಟು, ಮುಖ ನೋಡದೆ ಹೋದದ್ದು, ಯಾವುದನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಪಕ್ಕದ ಕುರ್ಚಿಯಿಂದ ಅಪ್ಪ ಎದ್ದು ನಿಂತಿದ್ದ.

ಬೆಳಿಗ್ಗೆಯಿಂದ ಅವನು ಒಂದು ಮಾತೂ ಆಡಿರಲಿಲ್ಲ. ಜಗಳಕ್ಕೆ ಹೊರಟನೇನೋ ಎಂದು ಹೆದರಿ ಅವನ ಅಂಗಿಯ ತುದಿ ಹಿಡಿದೆ. ಅವನು ಮೆಲ್ಲಗೆ ಬಿಡಿಸಿಕೊಂಡು, "ನಾ ಹೇಳಿದ್ದು ಹೇಳಿದಂಗ ಹೇಳು" ಎಂದ. ಆಮೇಲೆ ಆ ಮನುಷ್ಯನನ್ನೇ ನೋಡುತ್ತ ಕನ್ನಡದಲ್ಲಿ ಮಾತಾಡಿದ.

"ಅಣ್ಣಾರ, ಆ ಟ್ರಕ್ಕಿನಾಗ ನಾನೂ ಇದ್ದೆ. ನೀಲಿ ಬಾಗಲದ ಗೋದಾಮು ಹೌದಲ್ಲರಿ? ಮುಂದ ಒಂದು ಹುಣಸಿ ಗಿಡ."

ನಾನು ಹೇಳಿದೆ. ಆ ಮನುಷ್ಯ ಹೌದೆಂದು ತಲೆಯಾಡಿಸಿದ.

"ನಮಗ ಬಂದು ಎಂಟು ದಿನಾನೂ ಆಗಿದ್ದಿಲ್ಲರಿ. ಗುತ್ತಿಗೆದಾರ ಹೇಳಿದ, ಇವತ್ತ ಇಲ್ಲಿ ಮಂದಿದು ಏನೋ ಹಬ್ಬ ಐತಿ, ಗೇಟಿನ ಮುಂದ ಕುಂತಾರ, ನೀವು ನೋಡಬ್ಯಾಡ್ರಿ ಅಂತ. ಗಲಾಟಿ ನೋಡಿ ಹಬ್ಬ ಅಲ್ಲ ಅಂತ ತಿಳೀತು. ನೀವೆಲ್ಲಾ ಟ್ರಕ್ಕಿನ ಹಿಂದ ಓಡಿ ಬಂದು ಏನೋ ಕೂಗಿದ್ರಿ. ಅದೇನು ಅಂತ ನನಗ ಇವತ್ತಿನ ತನಕ ತಿಳಿದಿಲ್ಲ. ಏನ ಕೂಗಾಕತ್ತಿದ್ರಿ ಅವತ್ತು?"

ಅಪ್ಪ ಬಂದರಿನ ಕಡೆ ದುಡಿದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಕೊಂಕಣಿಗೆ ತರುವಾಗ ನನ್ನ ದನಿ ನನ್ನದೇ ಅನ್ನಿಸಲಿಲ್ಲ. ನಾನು ಹೇಳುತ್ತಿದ್ದುದು ಅವನ ಮಾತನ್ನೋ, ಆಗಷ್ಟೇ ನಾನು ಕೇಳಿದ ಸುದ್ದಿಯನ್ನೋ ತಿಳಿಯದೆ ಒಂದೆರಡು ಕಡೆ ತಡವರಿಸಿದೆ. ಟೀಚರ್ ಒಂದು ಲೋಟ ನೀರು ತಂದು ಕೊಟ್ಟರು.

ಆ ಮನುಷ್ಯ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಸಕಯ್ಲ್ ಯೇಯಾತ್ ಎಂದು ಕೂಗಿದೆವು" ಎಂದ. "ಕೆಳಗೆ ಬನ್ನಿ, ನಮ್ಮ ಜೊತೆ ಕೂತುಕೊಳ್ಳಿ ಎಂದು. ಟ್ರಕ್ಕು ನಿಲ್ಲಲಿಲ್ಲ. ಆಮೇಲೆ ಬೈದೆವು."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡು, ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದೆ.

"ಬೈದದ್ದು ತಿಳೀತರಿ. ಬೈಗುಳ ಯಾವ ಭಾಷಾದಾಗಿದ್ರೂ ತಿಳೀತಾವ. ಮೊದಲ ಕೂಗಿದ್ದು ತಿಳೀಲಿಲ್ಲ."

"ತಿಳಿದಿದ್ದರೆ ಇಳಿಯುತ್ತಿದ್ದೆಯಾ?" ಎಂದು ಆ ಮನುಷ್ಯ ಕೇಳಿದ.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಹೌದು ಎಂದುಬಿಡುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಎಂದು ನಾನು ಕಾದೆ. ಅಪ್ಪ ಒಮ್ಮೆ ನನ್ನ ಕಡೆ ನೋಡಿದ.

"ಹೇಳಾಕ ಬರಂಗಿಲ್ಲರಿ. ಮನ್ಯಾಗ ಈ ಹುಡುಗಿ ಸಣ್ಣದಿತ್ತು. ಆದ್ರ ಕೇಳತಿದ್ದೆ. ಯಾಕ ಕುಂತೀರಿ, ಏನಾಗೈತಿ ಅಂತ ಕೇಳತಿದ್ದೆ. ಅಷ್ಟಂತೂ ಖರೇ."

ಚಪ್ಪಾಳೆಯೇನೂ ಬರಲಿಲ್ಲ. ಆ ಮನುಷ್ಯ ಸರಿ ಎನ್ನುವಂತೆ ಕೈಯಾಡಿಸಿ ಕೂತ. ಬಕ್ಕತಲೆಯವರು ಎದ್ದು ಇದರಿಂದ ಏನು ಕಲಿಯಬೇಕು ಎಂದು ಭಾಷಣ ಶುರುಮಾಡಿದಾಗ ಟೀಚರ್ ಅವರ ತೋಳು ಹಿಡಿದು ಕೂರಿಸಿದರು. ಆ ದಿನ ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಒಂದು ಕೆಲಸಕ್ಕೆ.

ಚಹಾದ ಹೊತ್ತಿಗೆ ಅಪ್ಪ ಮತ್ತು ಆ ಮನುಷ್ಯ ಕಿಟಕಿಯ ಬಳಿ ನಿಂತು ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದರು. ನನ್ನ ಅಗತ್ಯ ಬೀಳಲಿಲ್ಲ. ಹತ್ತಿರ ಹೋಗಿ ಕಿವಿಗೊಟ್ಟೆ. ಆ ಗುತ್ತಿಗೆದಾರ ಆಮೇಲೆ ಯಾರನ್ನು ತಂದ, ಯಾರನ್ನು ಕೆಲಸದಿಂದ ಬಿಡಿಸಿದ ಎಂದು ಅಪ್ಪ ಕೇಳುತ್ತಿದ್ದ. ಟ್ರಕ್ಕಿನಲ್ಲಿ ಬಂದವರನ್ನೂ ಗುತ್ತಿಗೆದಾರ ಮುಂದಿನ ಮಳೆಗಾಲಕ್ಕೆ ಬಿಡಿಸಿದ್ದನೆಂದು ಕೇಳಿ ಆ ಮನುಷ್ಯನಿಗೆ ಆಶ್ಚರ್ಯವಾಯಿತು. ಅವನು ತನ್ನ ಅಭಿಪ್ರಾಯವನ್ನೇನೂ ಬದಲಿಸಲಿಲ್ಲ. ಹೊರಗಿನವರು ಹೆಚ್ಚಾದರೆ ಕೂಲಿ ಇಳಿಯುತ್ತದೆ ಎಂದು ಹೊರಡುವಾಗಲೂ ಹೇಳಿದ. ಆದರೆ ಘಾಟಿ ಎನ್ನಲಿಲ್ಲ.

ಮರಳುವ ಬಸ್ಸಿನಲ್ಲಿ ಅತ್ತೆ ತಮ್ಮನನ್ನು ಬಿಡಲಿಲ್ಲ.

"ಇಷ್ಟ ವರ್ಷ ಆತು, ಒಂದ ದಿನ ಹೇಳಲಿಲ್ಲಲ್ಲೋ ತಮ್ಮಾ."

"ಹೇಳೂವಂಥದ್ದೇನಿತ್ತಕ್ಕಾ? ಅವರು ಏನ ಕೂಗಿದ್ರು ಅನ್ನೋದು ಆಗಾಗ ನೆನಪಾಗತಿತ್ತು. ನಮ್ಮ ಪೈಕಿ ಯಾರಿಗೂ ಗೊತ್ತಿದ್ದಿಲ್ಲ. ಮತ್ಯಾರನ್ನ ಕೇಳಲಿ?"

"ಈಗ ಗೊತ್ತಾತಲ್ಲ. ಹೆಂಗ ಅನಸತೈತಿ?"

ಅಪ್ಪ ಕಿಟಕಿಯ ಹೊರಗೆ ನೋಡಿದ. "ಚಲೋ ಮಾತ ಅಂದಿದ್ರು" ಎಂದ.

ಅದಾದ ಮೇಲೆ ಮಡ್ಕಯಿಯ ಗೇಟುಗಳ ಮುಂದೆ ಹಂಚುವ ಕರಪತ್ರಗಳಲ್ಲಿ ಕನ್ನಡವೂ ಸೇರಿತು. ಮಾತುಗಳನ್ನು ಹೇಳಿಕೊಡುತ್ತಿದ್ದವಳು ನಾನು. ವರ್ಷಕ್ಕೊಮ್ಮೆ ಚರ್ಚಾ ದಿನ ನಡೆದಾಗಲೆಲ್ಲ ಹೋದೆ, ಹಿಂದಿನ ಸಾಲಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಮತ್ತೊಮ್ಮೆ ಬಂದವನು ಆಮೇಲೆ ಮೊಣಕಾಲು ನೋವೆಂದು ನಿಲ್ಲಿಸಿದ. ಅತ್ತೆ ಮಾತ್ರ ತಪ್ಪಿಸಲಿಲ್ಲ. ಮುಂದಿನ ಸಾಲಿಗೆ ಬಡ್ತಿ ಪಡೆದು, ಬಕ್ಕತಲೆಯವರ ಮಾತು ಉದ್ದವಾದಾಗ ಎಲ್ಲರಿಗೂ ಕೇಳುವಂತೆ ಆಕಳಿಸುತ್ತಿದ್ದಳು.

ಕೆಲವು ವರ್ಷಗಳ ನಂತರ ಆ ಪುಟ್ಟ ಗುಂಪು ಎರಡಾಯಿತು. ಒಡೆದ ದಿನವೂ ನಾನು ಅಲ್ಲಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡೂ ಕಡೆಯ ಮಾತನ್ನು ಕನ್ನಡಕ್ಕೆ ತಂದೆ, ಶಬ್ದಗಳೆಲ್ಲ ಆಗ ನನಗೆ ಚೆನ್ನಾಗಿ ಪಳಗಿದ್ದವು. ಆದರೆ ಬೇರೆಯಾಗಲು ಕಾರಣವೇನೆಂದು ತಿಳಿಯಲಿಲ್ಲ. ಎರಡೂ ಬಣದವರು ನನ್ನನ್ನು ಕರೆದರು. ಕೆಲವು ದಿನ ಎರಡೂ ಕಡೆ ಹೋದೆ.

ಕೊನೆಗೆ ಒಂದು ಭಾನುವಾರ ಟೀಚರ್ ಮನೆಗೇ ಹೋಗಿ, ನಿಮಗೂ ಅವರಿಗೂ ವ್ಯತ್ಯಾಸವೇನು ಎಂದು ಕೇಳಿಬಿಟ್ಟೆ. ಅವರು ನಕ್ಕು, ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಸ್ಟೂಲು ಎಳೆದು ನನ್ನೆದುರು ಕೂತರು. ಚಹಾ ಎರಡು ಸಲ ಆಯಿತು. ಅರ್ಧದಷ್ಟು ತಿಳಿಯಿತು. ಉಳಿದ ಅರ್ಧಕ್ಕೆ ಅವರು ಇನ್ನೊಂದು ಬಣದ ಬಕ್ಕತಲೆಯವರ ಮನೆಯ ದಾರಿ ಹೇಳಿ, "ಅದನ್ನು ಅವರ ಬಾಯಿಂದಲೇ ಕೇಳು, ನಾನು ಹೇಳಿದರೆ ನ್ಯಾಯವಾಗುವುದಿಲ್ಲ" ಎಂದರು.

ನಾನು ಅಲ್ಲಿಂದ ನೇರ ಅವರ ಮನೆಗೆ ಹೋದೆ.