ನಡುರಸ್ತೆಯ ಕೆಂಪು ಕುರ್ಚಿ

ಮೊಳಕಾಲ್ಮೂರು ದಾಟಿ ರಾಂಪುರದ ಕಡೆ ಹೊರಟಿದ್ದೆವು. ರಾತ್ರಿಯೆಲ್ಲ ಸುರಿದ ಮಳೆಗೆ ರಸ್ತೆಯೇ ಹಳ್ಳವಾಗಿತ್ತು. ಆ ಕೆಂಪು ನೀರಿನ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದೂ ಕೆಂಪು ಬಣ್ಣದ್ದೇ, ನಿಂತಿತ್ತು. ಹತ್ತಿರ ಬಂದಮೇಲೆ ಕಣ್ಣಿಗೆ ಬಿತ್ತು. ಗಕ್ಕನೆ ಬ್ರೇಕ್ ಹಾಕಿದೆ. ಬೈಕ್ ಜಾರಿತು, ಹಿಂದೆ ಕೂತಿದ್ದ ಹೆಂಡತಿ ನನ್ನ ಹೆಗಲು ಬಿಗಿಯಾಗಿ ಹಿಡಿದಳು. ಹೇಗೋ ಬೀಳದೆ ಅಂಚಿಗೆ ಬಂದೆವು.

ಅಲ್ಲೇ ಟೀ ಅಂಗಡಿ. ಒಲೆಯ ಮುಂದಿದ್ದ ಹೆಂಗಸಿನ ಮೇಲೆ ರೇಗಿದೆ.

“ನಡುರಸ್ತೇಲಿ ಕುರ್ಚಿ ಇಟ್ಟೋರು ಯಾರವ್ವ? ನಾವು ಬಿದ್ದಿದ್ರೆ ಯಾರು ಜವಾಬ್ದಾರಿ?”

“ನಾನೇ ಇಟ್ಟೀನಿ ಕಣಣ್ಣ. ಅದರ ಹಿಂದ್ಗಡೆ ಮೊಣಕಾಲುದ್ದ ಗುಂಡಿ ಐತೆ. ನಿನ್ನೆ ಒಬ್ರು ಬಿದ್ದು ಕೈ ಮುರ್ಕಂಡ್ರು.”

“ಅದನ್ನ ಮುಚ್ಚಬೇಕಾದೋರು ಎಲ್ಲಿ?”

“ನೀರು ಇಳಿದ್ಮೇಲೆ ನೋಡಾಕೆ ಬರ್ತಾರೆ. ಬಿದ್ದೋರನ್ನ ಎತ್ತೋರು ಮಾತ್ರ ನಾವೇ.”

ನನ್ನ ದನಿ ತಣ್ಣಗಾಯಿತು. ಎರಡು ಟೀ ಹೇಳಿ, ಕೂರಲು ಸುತ್ತ ನೋಡಿದೆ. ಅಂಗಡಿಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಗಿರಾಕಿಗಳೆಲ್ಲ ನಿಂತೇ ಕುಡಿಯುತ್ತಿದ್ದರು. ಮುಂದಿನ ತಿರುವಿನವರೆಗೂ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಕುರ್ಚಿ, ಒಂದೊಂದು ಗುಂಡಿಗೆ ಕಾವಲು.

ನಾನಿನ್ನೂ ಕೂರಲು ಜಾಗ ಹುಡುಕುತ್ತಿದ್ದುದನ್ನು ಕಂಡು ಹೆಂಡತಿ ಲೋಟ ಕೈಗಿಟ್ಟಳು.

“ನಿಂತ್ಕಂಡೇ ಕುಡೀರಿ. ಕಾಲೆರಡೂ ನೆಟ್ಟಗವೆ.”