ಮ್ಯಾಜಿಸ್ಟ್ರೇಟರ ಮುಂದೆ ಒಂದು ‘ಇಲ್ಲ’

ಅಮೆರಿಕದ ಪಾರ್ಸಿಪನಿ ಊರಿನಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದ ಮಂಡ್ಯದ ಆಂಟಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತೊಂಬತ್ತರ ದಶಕದ ಆರಂಭ, ನಾನಿನ್ನೂ ಎಂ.ಎಸ್. ಓದುತ್ತಿದ್ದೆ. ವೀಸಾ ಅರ್ಜಿಯಲ್ಲಿ ಸುಳ್ಳು ಬರೆದ ಆರೋಪದ ಮೇಲೆ ಅವರ ತಮ್ಮನನ್ನು ಹಿಡಿದಿದ್ದರು. ಕನ್ನಡದ ದುಭಾಷಿ ಸಿಗದೆ ವಕೀಲರು ನನ್ನನ್ನು ಕರೆದರು.

ನ್ಯೂವರ್ಕ್‌ನ ಫೆಡರಲ್ ಕೋರ್ಟಿನಲ್ಲಿ ಅಂದು ಕೂತಿದ್ದವರು ಮ್ಯಾಜಿಸ್ಟ್ರೇಟ್ ಜಡ್ಜ್. ಮುಂದೆ ಕೇಸು ನಡೆಸುವವರು ಇವರಿಗಿಂತ ದೊಡ್ಡ ಜಡ್ಜ್, ಅಲ್ಲಿಯವರೆಗೆ ಆಂಟಿಯ ತಮ್ಮ ಜೈಲಿನಲ್ಲಿರಬೇಕೋ ಅಕ್ಕನ ಮನೆಯಲ್ಲೋ ಎಂಬುದನ್ನಷ್ಟೇ ಇವರು ಇವತ್ತು ಹೇಳುತ್ತಾರೆ ಎಂದು ವಕೀಲರು ವಿವರಿಸಿದ್ದರು. ಅಷ್ಟೇನಾ ಅನ್ನಿಸಿತ್ತು ನನಗೆ.

ಕೇಳಿದ್ದನ್ನು ಕೇಳಿದಂತೆಯೇ ಹೇಳುವೆನೆಂದು ನನ್ನಿಂದ ಪ್ರಮಾಣ ಮಾಡಿಸಿದರು. ತಮ್ಮನ ಜವಾಬ್ದಾರಿ ಹೊರಲು ಬಂದಿದ್ದ ಆಂಟಿ ಸಾಕ್ಷಿಕಟ್ಟೆಯ ಕೆಳಗೆ ಹಿಮದ ಬೂಟು ಕಳಚಿಟ್ಟು ಕಾಲುಚೀಲದಲ್ಲಿ ಹತ್ತಿದರು. ಸಿಬ್ಬಂದಿಯೊಬ್ಬರು ತಡೆಯಲು ಬಂದಾಗ ಮ್ಯಾಜಿಸ್ಟ್ರೇಟರು ಬೇಡವೆಂದು ಕೈಯಾಡಿಸಿದರು.

ಬಿಡುಗಡೆಯ ಷರತ್ತನ್ನು ನಿಮ್ಮ ತಮ್ಮ ಮುರಿದರೆ ಕೋರ್ಟಿಗೆ ಫೋನ್ ಮಾಡಿ ತಿಳಿಸುತ್ತೀರಾ ಎಂದು ಅವರು ಆಂಟಿಯನ್ನು ಕೇಳಿದರು. ಆಂಟಿ ನನ್ನ ಕಡೆ ತಿರುಗಿದರು.

“ಸುಳ್ಳು ಹೇಳಕ್ಕಾಗಲ್ಲ ಕಣವ್ವ. ಎತ್ತಿ ಆಡಿಸಿದ ತಮ್ಮನ್ನ ನಾನೇ ಹಿಡ್ಕೊಡಲ್ಲ.”

‘ಯೆಸ್’ ಎಂಬ ಒಂದೇ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಅಕ್ಕ-ತಮ್ಮಂದಿರನ್ನು ಬಿಟ್ಟರೆ ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ತಮ್ಮ ತಲೆ ತಗ್ಗಿಸಿದ್ದ. ನಾನು ಆಂಟಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ವಕೀಲರು ಕಣ್ಣು ಮುಚ್ಚಿಕೊಂಡರು.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ನನ್ನನ್ನಲ್ಲ, ಆಂಟಿಯನ್ನೇ ನೋಡುತ್ತಾ, ಹಾಗಾದರೆ ಏನು ಮಾಡುತ್ತೀರಿ ಎಂದು ನಿಧಾನವಾಗಿ ಕೇಳಿದರು.

“ನಾನೇ ಕೈ ಹಿಡ್ಕೊಂಡು ಇಲ್ಲಿಗೆ ಕರ್ಕೊಂಡ್ ಬರ್ತೀನಿ.”

ಇದು ಸಾಲದು ಎಂದು ಸರ್ಕಾರಿ ವಕೀಲರು ಎದ್ದರು. ಮ್ಯಾಜಿಸ್ಟ್ರೇಟರು ಪೂರ್ತಿ ಕೇಳಿಸಿಕೊಂಡರು. ಈ ಸಾಕ್ಷಿಕಟ್ಟೆಯಲ್ಲಿ ಕೂತವರು ನನ್ನ ಪ್ರಶ್ನೆ ಮುಗಿಯುವ ಮೊದಲೇ ಹೌದು ಅನ್ನುತ್ತಾರೆ, ಈಕೆ ತಾನು ಮಾಡಲಾರದ್ದನ್ನು ಮೊದಲು ಹೇಳಿದರು, ಆದ್ದರಿಂದ ಮಾಡುತ್ತೇನೆ ಎಂದದ್ದನ್ನು ನಂಬುತ್ತೇನೆ ಎಂದರು. ತಮ್ಮನನ್ನು ಅಕ್ಕನ ಮನೆಗೆ ಬಿಟ್ಟು, ಪ್ರತಿ ಸೋಮವಾರ ಇಬ್ಬರೂ ಬಂದು ಹಾಜರಿ ಹಾಕಬೇಕೆಂದು ಆಜ್ಞೆ ಮಾಡಿದರು. ಅದನ್ನು ನಾನು ಕನ್ನಡಕ್ಕೆ ತಂದೆ.

ಹೊರಗೆ ಬೆಂಚಿನ ಮೇಲೆ ಬೂಟು ಕಟ್ಟಿಕೊಳ್ಳುತ್ತಾ ಆಂಟಿ ಕೇಳಿದರು: “ಇವ್ರು ಚಿಕ್ಕ ಜಡ್ಜಾ? ಹಂಗಾದ್ರೆ ದೊಡ್ಡೋರು ಹೆಂಗಿರ್ತಾರವ್ವ?”

ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ಮೊದಲ ಸೋಮವಾರ ಅವರ ಜೊತೆ ನಾನೂ ಹೋಗಿದ್ದೆ. ಬಸ್ಸಿಳಿದು ಕೋರ್ಟಿನ ಬಾಗಿಲು ಮುಟ್ಟುವವರೆಗೂ ಮೂವತ್ತು ದಾಟಿದ ತಮ್ಮನ ಕೈಯನ್ನು ಆಂಟಿ ನಿಜಕ್ಕೂ ಬಿಡಲಿಲ್ಲ.